ಕಾಯಿಲೋವರ್ ಹಾಕಿಸಿದ ಸೆಡಾನ್‌ನ ದೂರುಗಳು: ಲಕ್ಷಣದಿಂದ ಕಾರಣಕ್ಕೆ

ಕಾರನ್ನು ಎರಡು ಬೆರಳಷ್ಟು ತಗ್ಗಿಸಿ ತಿರುವುಗಳಲ್ಲಿ ಇನ್ನಷ್ಟು ಬಿಗಿಯಾಗಿ ಓಡಿಸಬೇಕೆಂಬ ಆಸೆಯಿಂದ ಕಾಯಿಲೋವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್ ಮತ್ತು ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರುಗಳ ಕಿಟ್) ಹಾಕಿಸಿದವರು, ಮೂರು ನಾಲ್ಕು ತಿಂಗಳಲ್ಲೇ ಶಬ್ದ, ಹೊಡೆತ, ಟೈರ್ ಸವೆತಗಳ ದೂರಿನೊಡನೆ ಗ್ಯಾರೇಜಿಗೆ ಮರಳುವುದನ್ನು ನಾನು ಹಲವು ಸಲ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕಿಟ್ ಕೆಟ್ಟದ್ದೆಂದು ತೀರ್ಮಾನಿಸಿ, ಅದಕ್ಕಿಂತ ದುಬಾರಿಯಾದ ಇನ್ನೊಂದನ್ನು ಕೊಳ್ಳಲು ಹೊರಟಿರುತ್ತಾರೆ. ಈಗಿರುವ ಕಿಟ್ ಏನು ಹೇಳುತ್ತಿದೆ ಎಂಬುದನ್ನು ಓದದೆ ಹೊಸದನ್ನು ಆರಿಸಿದರೆ ಅದೇ ದೂರು ಅದೇ ಕಾರಿಗೆ ಮತ್ತೆ ಬರುತ್ತದೆ. ಆದ್ದರಿಂದ ಈ ಬರಹದಲ್ಲಿ ಲಕ್ಷಣದಿಂದ ಹೊರಟು, ಕಾಸು ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಹೇಳಿ, ಆ ಲಕ್ಷಣವು ಆಯ್ಕೆಯ ಬಗ್ಗೆ ಏನನ್ನು ಕಲಿಸುತ್ತದೆ ಎಂಬುದನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.

ಉದಾಹರಣೆಗೆ ಇಟ್ಟುಕೊಂಡಿರುವುದು ನಾನೇ ಓಡಿಸುವ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್ಐ ಕಾರನ್ನು. ಇದರ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಚಕ್ರವನ್ನು ಹಿಡಿದಿರುವ ಸ್ಪ್ರಿಂಗ್-ಡ್ಯಾಂಪರ್ ಕಂಬ, ಇದೆ. ಅಲ್ಲಿ ಸ್ಪ್ರಿಂಗ್ ಡ್ಯಾಂಪರನ್ನು ಸುತ್ತಿಕೊಂಡಿರುವುದರಿಂದ ಕಾಯಿಲೋವರ್ ಎಂಬ ಹೆಸರು ಪೂರ್ತಿ ಒಪ್ಪುತ್ತದೆ. ಹಿಂಭಾಗ ಮಲ್ಟಿಲಿಂಕ್ (ಚಕ್ರವನ್ನು ಹಲವು ತೋಳುಗಳು ಹಿಡಿದಿರುವ ಜೋಡಣೆ) ಆಗಿದ್ದು, ಸ್ಪ್ರಿಂಗ್ ಒಂದು ಕಡೆ, ಡ್ಯಾಂಪರ್ ಇನ್ನೊಂದು ಕಡೆ ಇರುತ್ತದೆ. ಕಿಟ್ಟಿನಲ್ಲಿ ಹಿಂದಿನ ಸ್ಪ್ರಿಂಗಿಗೆ ಎತ್ತರ ಬದಲಿಸುವ ಥ್ರೆಡ್ ಇರುವ ತಟ್ಟೆ ಬರುತ್ತದೆ, ಅಷ್ಟೆ. ಮುಂಭಾಗದ ನಿಯಮಗಳನ್ನು ಹಿಂಭಾಗಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದನ್ನು ಮೊದಲೇ ನೆನಪಿಡಬೇಕು.

ಕೈ ಹಾಕುವ ಮುನ್ನ

ಜಾಕ್ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ತಲೆಯನ್ನಾಗಲಿ ಕೈಯನ್ನಾಗಲಿ ಒಡ್ಡಬಾರದು. ಸಮತಟ್ಟಾದ ಗಟ್ಟಿ ನೆಲ, ಎದುರು ಚಕ್ರಗಳಿಗೆ ಅಡ್ಡಕಟ್ಟೆ, ಎರಡು ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಚಕ್ರ ಬಿಚ್ಚುವ ಪರೀಕ್ಷೆಗಳನ್ನು ಬಿಟ್ಟುಬಿಡಿ. ಒತ್ತಿದ ಸ್ಥಿತಿಯಲ್ಲಿರುವ ಸ್ಪ್ರಿಂಗ್ ಮೂಳೆ ಮುರಿಯುವಷ್ಟು ಬಲವನ್ನು ತನ್ನೊಳಗೆ ಹಿಡಿದಿರುತ್ತದೆ. ಟಾಪ್ ಮೌಂಟಿನ (ಸ್ಟ್ರಟ್ಟಿನ ಮೇಲ್ತುದಿಯನ್ನು ಕಾರಿನ ದೇಹಕ್ಕೆ ಸೇರಿಸುವ ಭಾಗದ) ನಡುವಿನ ನಟ್ಟನ್ನು ಸ್ಪ್ರಿಂಗ್ ಸಡಿಲವಾಗುವ ಮೊದಲು ಯಾವ ಕಾರಣಕ್ಕೂ ಪೂರ್ತಿ ಬಿಚ್ಚಬಾರದು. ಡ್ಯಾಂಪರಿನ ಒಳಗೆ ಒತ್ತಡದ ಅನಿಲ ಇರುವುದರಿಂದ ಅದನ್ನು ಕೊರೆಯುವುದು, ಕಾಯಿಸುವುದು, ವೆಲ್ಡ್ ಮಾಡಿಸುವುದು ಅಪಾಯಕರ.

ಪರೀಕ್ಷೆಯ ನಡುವೆ ಸ್ಪ್ರಿಂಗ್ ತುಂಡಾಗಿರುವುದು, ಸ್ಪ್ರಿಂಗ್ ತನ್ನ ತಟ್ಟೆಯಿಂದ ಜಾರಿರುವುದು, ಬ್ರೇಕ್ ಹೋಸ್ ಸವೆದಿರುವುದು, ಟೈರಿನ ಒಳಗೋಡೆಯಲ್ಲಿ ಉಬ್ಬು ಎದ್ದಿರುವುದು, ಇವುಗಳಲ್ಲಿ ಒಂದು ಕಂಡರೂ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಟ್ರಕ್ ಮೇಲೆ ಸಾಗಿಸಿ.

ಹಂಪ್ ದಾಟುವಾಗ ‘ಧಡ್’ ಎಂಬ ಒಂದೇ ಹೊಡೆತ

ಇದು ನಮ್ಮ ರಸ್ತೆಗಳ ಮೊದಲ ದೂರು. ಹೊಡೆತ ಎರಡು ಬಗೆಯದಾಗಿರುತ್ತದೆ: ಕಾರಿನ ತಳ ನೆಲಕ್ಕೆ ತಾಗುವುದು ಒಂದು, ಡ್ಯಾಂಪರ್ ತನ್ನ ಕೊನೆಯವರೆಗೆ ಒತ್ತಿಹೋಗಿ ಅಲ್ಲಿರುವ ಮೆತ್ತನೆಯ ತಡೆಯಾದ ಬಂಪ್ ಸ್ಟಾಪ್‌ಗೆ ಗುದ್ದುವುದು ಇನ್ನೊಂದು. ತಳ ತಾಗಿದರೆ ಕೆರೆದ ಸದ್ದು ಬರುತ್ತದೆ, ಎಂಜಿನ್ನಿನ ಕೆಳಗಿನ ಕವಚದಲ್ಲಿ ಗೀರು ಉಳಿಯುತ್ತದೆ. ಬಂಪ್ ಸ್ಟಾಪ್‌ನ ಗುದ್ದು ಒಣ ಸದ್ದಿನದು. ಅದು ಸ್ಟೇರಿಂಗಿಗೂ ಬೆನ್ನಿಗೂ ಒಟ್ಟಿಗೇ ಬಡಿಯುತ್ತದೆ.

ಎರಡನ್ನೂ ಬೇರ್ಪಡಿಸಲು ಹತ್ತು ರೂಪಾಯಿಯ ಪ್ಲಾಸ್ಟಿಕ್ ಜಿಪ್ ಟೈ ಸಾಕು. ಧೂಳು ತಡೆಯುವ ರಬ್ಬರನ್ನು ಮೇಲೆತ್ತಿ ಡ್ಯಾಂಪರಿನ ಹೊಳೆಯುವ ಕಡ್ಡಿಗೆ ಅದನ್ನು ಸಡಿಲವೂ ಅಲ್ಲದ ಬಿಗಿಯೂ ಅಲ್ಲದ ಹದದಲ್ಲಿ ಕಟ್ಟಿ, ಡ್ಯಾಂಪರಿನ ಕುತ್ತಿಗೆಗೆ ತಾಗುವಂತೆ ಇಳಿಸಿ, ನೀವು ದಿನವೂ ಓಡಾಡುವ ದಾರಿಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ಟೈ ಎಲ್ಲಿಯವರೆಗೆ ತಳ್ಳಲ್ಪಟ್ಟಿದೆಯೋ ಅಲ್ಲಿಯವರೆಗೆ ಡ್ಯಾಂಪರ್ ಒತ್ತಿಕೊಂಡಿದೆ ಎಂದರ್ಥ. ಅದು ಬಂಪ್ ಸ್ಟಾಪ್‌ನೊಳಕ್ಕೆ ಹೂತುಹೋಗಿದ್ದರೆ ಚಲನೆಯ ಅಂತರ ಮುಗಿದಿದೆ. ನಡುವೆಯೇ ನಿಂತಿದ್ದರೆ ಹೊಡೆತದ ಮೂಲ ಬೇರೆಡೆ ಇದೆ. ಕಡ್ಡಿಯನ್ನು ಕೊಳವೆಯೊಳಗೆ ಬಚ್ಚಿಟ್ಟ ತಲೆಕೆಳಗಾದ ವಿನ್ಯಾಸದ ಸ್ಟ್ರಟ್‌ಗಳಲ್ಲಿ ಈ ಪರೀಕ್ಷೆ ಆಗದು. ಹಿಂದಿನ ಡ್ಯಾಂಪರ್‌ಗಳಲ್ಲಿ ಮಾತ್ರ ಮಾಡಿ ನೋಡಬಹುದು. ಒಬ್ಬರೇ ಕುಳಿತು ಒಮ್ಮೆ, ನಾಲ್ವರು ಕುಳಿತು ಡಿಕ್ಕಿಯಲ್ಲಿ ಸಾಮಾನಿಟ್ಟು ಇನ್ನೊಮ್ಮೆ ಪರೀಕ್ಷಿಸುವುದು ಅಗತ್ಯ, ಏಕೆಂದರೆ ಹಬ್ಬಕ್ಕೆ ಊರಿಗೆ ಹೊರಟ ದಿನ ಕಾಣಿಸಿಕೊಳ್ಳುವ ದೋಷ ಕಚೇರಿಗೆ ಹೋಗುವ ದಿನ ಕಾಣಿಸುವುದಿಲ್ಲ.

ಅಂತರ ಏಕೆ ಮುಗಿಯುತ್ತದೆ ಎಂಬುದನ್ನು ಲೆಕ್ಕದಲ್ಲಿ ನೋಡೋಣ. ಇಂಥ ಕಾರಿನ ಮುಂದಿನ ಒಂದು ಮೂಲೆಯ ಸ್ಪ್ರಿಂಗ್ ಸುಮಾರು 420 ಕಿಲೋ ಹೊರುತ್ತದೆ ಎಂದುಕೊಳ್ಳಿ. ಪ್ರತಿ ಮಿಲಿಮೀಟರಿಗೆ 3 ಕಿಲೋ ಬಿಗಿತದ ಸ್ಪ್ರಿಂಗ್ ಇದ್ದಾಗ, ಆ ಭಾರವನ್ನು ಇಮ್ಮಡಿಸುವಂಥ ಗುದ್ದು, ಡ್ಯಾಂಪರಿನ ಪಾಲನ್ನು ಬದಿಗಿಟ್ಟರೆ, ಚಕ್ರವನ್ನು ಸುಮಾರು 140 ಮಿಲಿಮೀಟರ್ ಮೇಲಕ್ಕೆ ತಳ್ಳಲು ಯತ್ನಿಸುತ್ತದೆ. 6 ಕಿಲೋ ಬಿಗಿತದಲ್ಲಿ ಅದೇ ಗುದ್ದಿಗೆ 70 ಮಿಲಿಮೀಟರ್ ಸಾಕು. ಕಾರನ್ನು 40 ಮಿಲಿಮೀಟರ್ ತಗ್ಗಿಸಿದವರು ಸಾಮಾನ್ಯವಾಗಿ ಒತ್ತುವ ಅಂತರದಿಂದಲೇ ಆ 40ನ್ನು ಕಳೆದಿರುತ್ತಾರೆ. ತಗ್ಗಿಸಿದ ಕಾರು ಮೆತ್ತಗೂ ಇರಬೇಕೆಂದರೆ ಗಣಿತ ಒಪ್ಪುವುದಿಲ್ಲ.

ಆದ್ದರಿಂದ ಮೊದಲ ಚಿಕಿತ್ಸೆ ಉಚಿತವಾದದ್ದು: ಕಾರನ್ನು 10 ರಿಂದ 15 ಮಿಲಿಮೀಟರ್ ಎತ್ತರಿಸಿ ಅದೇ ದಾರಿಯಲ್ಲಿ ಮತ್ತೆ ಹೋಗಿ ಬನ್ನಿ. ಇದನ್ನು ಮಾಡುವಾಗ ನಿಮ್ಮ ಕಿಟ್ ಎತ್ತರವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಗಮನಿಸಬೇಕು. ಕೆಲವು ಕಿಟ್‌ಗಳಲ್ಲಿ ಸ್ಪ್ರಿಂಗ್ ಕೂರುವ ಕಾಲರನ್ನೇ ಏರಿಸಿ ಇಳಿಸಲಾಗುತ್ತದೆ. ಅಲ್ಲಿ ಕಾರನ್ನು ತಗ್ಗಿಸಿದಷ್ಟೂ ಒತ್ತುವ ಅಂತರ ಕಡಿಮೆಯಾಗುತ್ತದೆ. ಇನ್ನು ಕೆಲವುಗಳಲ್ಲಿ ಕೆಳಗಿನ ಬ್ರಾಕೆಟ್ ಪ್ರತ್ಯೇಕವಾಗಿ ತಿರುಗುತ್ತದೆ. ಅಲ್ಲಿ ಸ್ಪ್ರಿಂಗಿನ ಮೊದಲೊತ್ತಡವನ್ನೂ (ಕೂರಿಸುವಾಗಲೇ ಅದರ ಮೇಲೆ ಬೀಳುವ ಒತ್ತಡ) ಡ್ಯಾಂಪರಿನ ಚಲನೆಯನ್ನೂ ಮುಟ್ಟದೆ ಎತ್ತರ ಬದಲಿಸಬಹುದು, ಆದರೆ ಟೈರು ಮೇಲಿನ ಫೆಂಡರಿಗೆ ತಾಗುವ ಅಪಾಯವನ್ನು ಬೇರೆಯಾಗಿಯೇ ನೋಡಬೇಕು. ಕಾಲರನ್ನು ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಒಂದೇ ಬಿಗಿತದ ನೇರ ಸ್ಪ್ರಿಂಗಿನಲ್ಲಿ ಅದು ನಿಜವಲ್ಲ. ಬದಲಾಗುವುದು ಕಾರು ನಿಲ್ಲುವ ಎತ್ತರ ಮತ್ತು ಚಕ್ರ ಕೆಳಕ್ಕೆ ಇಳಿಯಲು ಉಳಿಯುವ ಅಂತರ.

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟುವಂತಿರಬೇಕು. ಹಳ್ಳಿಯ ಅಂಚಿನಲ್ಲಿ ರಾತ್ರೋರಾತ್ರಿ ಎದ್ದ ಹಂಪ್ ಈ ಅಳತೆಗೆ ಸಿಗುವುದಿಲ್ಲವೆಂಬುದು ಎಲ್ಲರ ಅನುಭವ. ಹೀಗಾಗಿ ಹೊಸ ಕಿಟ್ ಆರಿಸುವಾಗ ‘ಎಷ್ಟು ತಗ್ಗಿಸಬಹುದು’ ಎಂಬ ಅಂಕಿಗಿಂತ ಮೊದಲು, ಶಿಫಾರಸು ಮಾಡಿದ ಎತ್ತರದಲ್ಲಿ ಎಷ್ಟು ಮಿಲಿಮೀಟರ್ ಒತ್ತುವ ಅಂತರ ಉಳಿಯುತ್ತದೆ ಎಂದು ಕೇಳಿ. ಮಾರುವವರ ಬಳಿ ಉತ್ತರವಿಲ್ಲದಿದ್ದರೆ ಆ ಕಿಟ್ ನಿಮ್ಮ ರಸ್ತೆಗಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಣ್ಣ ಗುಂಡಿಗಳಲ್ಲಿ ‘ಟಕ್ ಟಕ್’ ಸದ್ದು

ಮೊದಲು ಡಿಕ್ಕಿಯನ್ನು ಖಾಲಿ ಮಾಡಿ. ಜಾಕ್, ಪಾನಾ, ಸ್ಟೆಪ್ನಿಯ ಬೋಲ್ಟ್ ಇವುಗಳ ಕುಣಿತವನ್ನು ಸಸ್ಪೆನ್ಷನ್ ಸದ್ದೆಂದು ತಿಳಿದು ಮೌಂಟ್ ಬದಲಾಯಿಸಿದವರಿದ್ದಾರೆ.

ಸದ್ದು ಉಳಿದರೆ ಮುಂದಿನ ಶಂಕಿತ ಲಿಂಕ್ ರಾಡ್. ಆಕ್ಟೇವಿಯಾದಲ್ಲಿ ಅದು ತಿರುವಿನ ವಾಲಾಟ ತಗ್ಗಿಸುವ ಸ್ಟೆಬಿಲೈಸರ್ ಬಾರ್‌ನಿಂದ ನೇರವಾಗಿ ಸ್ಟ್ರಟ್‌ನ ಕೊಳವೆಗೆ ಸೇರುತ್ತದೆ, ಆದ್ದರಿಂದ ಹೊಸ ಸ್ಟ್ರಟ್‌ನಲ್ಲಿ ಬ್ರಾಕೆಟ್ಟಿನ ಜಾಗ ಸ್ವಲ್ಪ ಬದಲಾದರೂ ಹಳೆಯ ರಾಡಿನ ಉದ್ದ ಹೊಂದದೆ ಹೋಗಬಹುದು. ಎರಡೂ ಚಕ್ರಗಳು ನೆಲದ ಮೇಲಿರುವಾಗ ಅಥವಾ ಎರಡೂ ಸಮನಾಗಿ ತೂಗುತ್ತಿರುವಾಗ ರಾಡನ್ನು ಕೈಯಿಂದ ಅಲುಗಾಡಿಸಿ ನೋಡಬೇಕು. ಒಂದೇ ಕಡೆ ಜಾಕ್ ಹಾಕಿದರೆ ಬಾರ್ ತಿರುಚಿಕೊಂಡು ರಾಡನ್ನು ಬಿಗಿಹಿಡಿಯುವುದರಿಂದ ಸಡಿಲತನ ಅಡಗಿಬಿಡುತ್ತದೆ.

ಬಳಿಕ ಕಾಲರ್ ಮತ್ತು ಲಾಕ್ ರಿಂಗ್‌ಗಳ ಮೇಲೆ ಬಣ್ಣದ ಪೆನ್ನಿನಿಂದ ಒಂದು ನೇರ ಗೆರೆ ಎಳೆದು ಎರಡು ದಿನ ಓಡಿಸಿ. ಗೆರೆ ಮುರಿದಿದ್ದರೆ ರಿಂಗ್ ಸಡಿಲಗೊಂಡಿದೆ. ಚಕ್ರ ತೂಗುವಂತೆ ಎತ್ತಿದಾಗ ಸ್ಪ್ರಿಂಗನ್ನು ಕೈಯಿಂದ ತಿರುಗಿಸಲು ಬಂದರೆ ಅದು ಗುಂಡಿಯಲ್ಲಿ ಕ್ಷಣಕಾಲ ತಟ್ಟೆಯನ್ನು ಬಿಟ್ಟು ಮತ್ತೆ ಬಡಿಯುತ್ತಿದೆ ಎಂದರ್ಥ. ಒಳ್ಳೆಯ ಕಿಟ್‌ಗಳಲ್ಲಿ ಇದನ್ನು ತಡೆಯಲು ಮುಖ್ಯ ಸ್ಪ್ರಿಂಗಿನ ಜೊತೆ ಸಣ್ಣ ಸಹಾಯಕ ಸ್ಪ್ರಿಂಗ್ ಇಟ್ಟಿರುತ್ತಾರೆ.

ಇಷ್ಟಾದರೂ ಸದ್ದು ನಿಲ್ಲದಿದ್ದರೆ ಟಾಪ್ ಮೌಂಟ್ ನೋಡಬೇಕು. ನಡುವಿನ ನಟ್ಟನ್ನು ಇಂಪ್ಯಾಕ್ಟ್ ಗನ್‌ನಿಂದ ಬಿಗಿದಿದ್ದರೆ ಕಡ್ಡಿ ಗಿರಗಿರನೆ ತಿರುಗಿ ಸೀಲ್ ಹಾಳಾಗಿರುವ ಸಾಧ್ಯತೆಯಿದೆ, ನಟ್ಟೂ ಸರಿಯಾದ ಬಿಗಿತಕ್ಕೆ ಬಂದಿರುವುದಿಲ್ಲ. ಕಡ್ಡಿಯನ್ನು ಆಲನ್ ಕೀಯಿಂದ ಹಿಡಿದು ಟಾರ್ಕ್ ರೆಂಚಿನಿಂದ ಬಿಗಿಯುವುದೇ ಸರಿಯಾದ ಕ್ರಮ. ರಬ್ಬರಿನ ಬದಲು ಲೋಹದ ಗೋಳದ ಬೇರಿಂಗ್ ಇರುವ ಪಿಲ್ಲೋಬಾಲ್ ಮೌಂಟ್‌ಗಳು ಹೊಸದಿರುವಾಗಲೇ ಸ್ವಲ್ಪ ಸದ್ದು ಮಾಡುತ್ತವೆ; ಧೂಳು ಮತ್ತು ಮಳೆನೀರು ಸೇರಿದರೆ ಬೇಗನೆ ಸವೆಯುತ್ತವೆ. ರೇಸ್ ಟ್ರ್ಯಾಕಿನಲ್ಲಿ ಅವುಗಳ ನಿಖರತೆಗೆ ಬೆಲೆಯಿದೆ. ದಿನಬಳಕೆಯ ಸೆಡಾನಿಗೆ ಕಾರಿನ ಮೂಲ ರಬ್ಬರ್ ಮೌಂಟನ್ನೇ ಬಳಸುವ ಕಿಟ್ ಆರಿಸಿಕೊಳ್ಳುವುದು ಜಾಣತನ.

ಇನ್ನೊಂದು ಅಪಾಯಕಾರಿ ಕಾರಣ ಉಳಿದಿದೆ. ಈ ಕಾರಿನಲ್ಲಿ ಸ್ಟ್ರಟ್‌ನ ಬುಡ ಚಕ್ರದ ಬೇರಿಂಗ್ ಗೂಡಿನ ಸೀಳಿನೊಳಗೆ ಇಳಿದು, ಒಂದು ಬೋಲ್ಟಿನಿಂದ ಬಿಗಿಯಲ್ಪಡುತ್ತದೆ. ಅದು ಪೂರ್ತಿ ಆಳಕ್ಕೆ ಇಳಿಯದಿದ್ದರೆ ಅಥವಾ ಒಮ್ಮೆ ಹಿಗ್ಗಿದ ಹಳೆಯ ಬೋಲ್ಟನ್ನೇ ಮತ್ತೆ ಹಾಕಿದ್ದರೆ ಸ್ಟ್ರಟ್ ಜಾರಬಹುದು. ಬುಡದ ಸುತ್ತ ಹೊಸ ಗೀರುಗಳು ಕಂಡರೆ ಅಲ್ಲಿಗೇ ಓಡಾಟ ನಿಲ್ಲಿಸಿ.

ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ‘ಟಂಯ್’ ಎಂಬ ನಾದ

ಒಬ್ಬರು ನಿಧಾನವಾಗಿ ಸ್ಟೇರಿಂಗ್ ತಿರುಗಿಸಲಿ, ಇನ್ನೊಬ್ಬರು ಸ್ಪ್ರಿಂಗನ್ನು ಹೊರಗಿನಿಂದ ಅಂಗೈಯಿಂದ ಮೆಲ್ಲನೆ ಮುಟ್ಟಿರಲಿ. ಬೆರಳುಗಳನ್ನು ಸುರುಳಿಗಳ ನಡುವೆ ಹಾಕಬಾರದು. ಸ್ಪ್ರಿಂಗ್ ತಿರುಚಿಕೊಳ್ಳುತ್ತಾ ಹೋಗಿ ಒಮ್ಮೆಲೇ ಹಾರಿದಂತೆ ಅನಿಸಿದರೆ ಟಾಪ್ ಮೌಂಟಿನ ಬೇರಿಂಗ್ ತಿರುಗುತ್ತಿಲ್ಲ. ಬೇರಿಂಗನ್ನು ತಲೆಕೆಳಗಾಗಿ ಕೂರಿಸಿರುವುದು ಅಥವಾ ನಡುವೆ ಬರಬೇಕಾದ ವಾಷರ್ ಬಿಟ್ಟುಹೋಗಿರುವುದು ಇದರ ಸಾಮಾನ್ಯ ಕಾರಣ. ಇದು ಕಿಟ್ಟಿನ ದೋಷವಲ್ಲ, ಜೋಡಣೆಯ ದೋಷ. ಸ್ಟ್ರಟ್ ಹೊರತೆಗೆದು ಮತ್ತೆ ಜೋಡಿಸಬೇಕಾದುದರಿಂದ ಮನೆಯಲ್ಲಿ ಮಾಡುವ ಕೆಲಸವೂ ಅಲ್ಲ.

ಹಂಪ್ ದಾಟಿದ ಮೇಲೂ ತೂಗಾಟ, ಅಥವಾ ಪ್ರತಿ ಕಲ್ಲೂ ಬೆನ್ನಿಗೆ ಬಡಿಯುವುದು

ಎರಡೂ ದೂರುಗಳಿಗೆ ಮೊದಲ ಪರೀಕ್ಷೆ ಟೈರಿನ ಗಾಳಿ. ಬಾಗಿಲಿನ ಅಂಚಿನಲ್ಲೋ ಇಂಧನದ ಮುಚ್ಚಳದ ಒಳಗೋ ಬರೆದಿರುವ ಒತ್ತಡಕ್ಕೆ, ಟೈರು ತಣ್ಣಗಿರುವಾಗ ಸರಿಪಡಿಸಿ. ಆನಂತರವೇ ಡ್ಯಾಂಪರಿನ ಹದ ಬದಲಿಸುವ ತಿರುಪಿಗೆ ಕೈ ಹಾಕಿ. ತಿರುಪನ್ನು ಮೆಲ್ಲಗೆ ಪೂರ್ತಿ ಬಿಗಿಯ ಕಡೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಕ್ಲಿಕ್‌ಗಳನ್ನು ಎಣಿಸಿ ಬರೆದಿಟ್ಟುಕೊಳ್ಳಬೇಕು. ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು ಅಂಕಿ ಇದ್ದ ಕಾರುಗಳನ್ನು ನಾನು ನೋಡಿದ್ದೇನೆ, ಮತ್ತು ಅಷ್ಟನ್ನು ಸಮ ಮಾಡಿದ್ದೇ ದೂರಿನ ಅರ್ಧ ಭಾಗವನ್ನು ಮುಗಿಸಿದೆ. ಒಂದು ಆಕ್ಸಲ್‌ನ ಎರಡೂ ಬದಿಗೆ ಒಂದೇ ಅಂಕಿ, ಒಮ್ಮೆಗೆ ಮೂರು ಕ್ಲಿಕ್ ಮಾತ್ರ, ಪ್ರತಿ ಸಲವೂ ಅದೇ ರಸ್ತೆ ಮತ್ತು ಅದೇ ವೇಗ, ಈ ಶಿಸ್ತು ಇಲ್ಲದಿದ್ದರೆ ಏನನ್ನೂ ಕಲಿಯಲಾಗದು.

ಬಿಗಿ ಮಾಡಿದಾಗ ತೂಗಾಟ ನಿಂತರೆ ಡ್ಯಾಂಪರ್ ಬದುಕಿದೆ. ಎಷ್ಟು ತಿರುಗಿಸಿದರೂ ಒಂದು ಮೂಲೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಡ್ಯಾಂಪರ್ ಸತ್ತಿದೆ ಅಥವಾ ಅದರ ತಿರುಪು ಮುರಿದಿದೆ. ಪೂರ್ತಿ ಸಡಿಲ ಮಾಡಿದರೂ ಕಾರು ಗಡಸಾಗಿಯೇ ಇದ್ದರೆ ಸಮಸ್ಯೆ ಸ್ಪ್ರಿಂಗಿನದು. ಆಗ ಡ್ಯಾಂಪರನ್ನು ಇನ್ನಷ್ಟು ಸಡಿಲಿಸುವ ಹಟ ಬೇಡ, ಏಕೆಂದರೆ ಗಟ್ಟಿ ಸ್ಪ್ರಿಂಗಿಗೆ ಮೆತ್ತನೆಯ ಡ್ಯಾಂಪರ್ ಸೇರಿದರೆ ಘಾಟಿಯ ತಿರುವಿನಲ್ಲಿ ಕಾರು ನೆಲವನ್ನು ಬಿಟ್ಟುಬಿಟ್ಟು ಕುಪ್ಪಳಿಸುತ್ತದೆ.

ಸ್ಪ್ರಿಂಗಿನ ಆಯ್ಕೆಗೆ ಒಂದು ಅಳತೆಗೋಲಿದೆ: ಕಾರಿನ ದೇಹ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು. ಆರಾಮದ ಸೆಡಾನ್‌ಗಳಲ್ಲಿ ಅದು 1 ರಿಂದ 1.5ರ ನಡುವೆ, ಬಿಗಿಯಾದ ರಸ್ತೆ ಕಾರುಗಳಲ್ಲಿ 1.5 ರಿಂದ 2ರ ನಡುವೆ ಇರುತ್ತದೆ. 2ನ್ನು ದಾಟಿದರೆ ಅದು ಟ್ರ್ಯಾಕಿನ ಸೀಮೆ. ಮೇಲಿನ 420 ಕಿಲೋ ಲೆಕ್ಕದಲ್ಲಿ 3 ಕಿಲೋ ಸ್ಪ್ರಿಂಗ್ ಸುಮಾರು 1.3 ಕೊಡುತ್ತದೆ, 6 ಕಿಲೋ ಸ್ಪ್ರಿಂಗ್ ಸುಮಾರು 1.9 ಕೊಡುತ್ತದೆ. ನಮ್ಮ ರಸ್ತೆಗೆ ನಾನು ಸೂಚಿಸುವುದು 4 ರಿಂದ 5 ಕಿಲೋ. ಹಿಂದಿನ ಸ್ಪ್ರಿಂಗಿನ ಅಂಕಿಯನ್ನು ಇದರೊಡನೆ ನೇರವಾಗಿ ಹೋಲಿಸಬೇಡಿ; ಅದು ಆರ್ಮಿನ (ಚಕ್ರವನ್ನು ಕಾರಿಗೆ ಸೇರಿಸುವ ತೋಳಿನ) ನಡುವೆ, ಚಕ್ರದಿಂದ ಒಳಗೆ ಕೂತಿರುವುದರಿಂದ ಅದೇ ಪರಿಣಾಮಕ್ಕೆ ಹೆಚ್ಚಿನ ಅಂಕಿ ಬೇಕಾಗುತ್ತದೆ.

ತಗ್ಗಿಸಿದ ಮೇಲೆ ತಿರುವಿನಲ್ಲಿ ಇನ್ನೂ ಹೆಚ್ಚು ವಾಲುತ್ತಿದೆ

ಈ ದೂರನ್ನು ಹೇಳಿದವರನ್ನು ಯಾರೂ ನಂಬುವುದಿಲ್ಲ, ಆದರೆ ಅವರು ಹೇಳುವುದು ಸತ್ಯ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಅತಿಯಾಗಿ ತಗ್ಗಿಸಿದಾಗ ಲೋಯರ್ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲಕ್ಕೆ ಹೋಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು, ಕಾರಿನ ಗುರುತ್ವಕೇಂದ್ರ ಇಳಿದುದಕ್ಕಿಂತಲೂ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರವೇ ವಾಲಿಸುವ ಸನ್ನೆಕೋಲು. ಅದು ಉದ್ದವಾದಷ್ಟೂ ಕಾರು ವಾಲುತ್ತದೆ. ಪರೀಕ್ಷೆ ಸುಲಭ: ಸಮನೆಲದಲ್ಲಿ ನಿಂತ ಕಾರಿನ ಮುಂದೆ ಬಗ್ಗಿ ಆರ್ಮಿನ ಇಳಿಜಾರನ್ನು ನೋಡಿ. ಅದು ಹೊರಗಡೆಗೆ ಏರುತ್ತಿದ್ದರೆ ಕಾರನ್ನು ಎತ್ತರಿಸಿ. ಎತ್ತರಿಸಿದರೆ ಡ್ರೈವ್ ಶಾಫ್ಟಿನ ಕೀಲುಗಳಿಗೂ ಕಷ್ಟ ಕಡಿಮೆಯಾಗುತ್ತದೆ.

ಕಾರು ಒಂದು ಮೂಲೆಗೆ ಬಾಗಿ ನಿಂತಿದೆ

ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಟೇಪಿನಿಂದ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಂದೇ ಆಕ್ಸಲ್‌ನಲ್ಲಿ 5 ಮಿಲಿಮೀಟರಿನೊಳಗಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ನನ್ನ ಕಾರಿನಲ್ಲಿ ಹಿಂದಿನ ಎಡಮೂಲೆ 12 ಮಿಲಿಮೀಟರ್ ಎತ್ತರ ನಿಂತಿತ್ತು. ಕಾಲರುಗಳ ಅಳತೆ ಎರಡೂ ಕಡೆ ಸಮವಿದ್ದರೂ ಹೀಗಾಗಿದ್ದಕ್ಕೆ ಕಾರಣ ಹುಡುಕುವುದರಲ್ಲಿ ಎರಡು ವಾರ ಕಳೆದವು. ಜೋಡಿಸಿದವರು ಚಕ್ರ ತೂಗುತ್ತಿರುವಾಗಲೇ ಆರ್ಮಿನ ಬುಷ್ ಬೋಲ್ಟನ್ನು ಬಿಗಿದಿದ್ದರು. ಬುಷ್‌ನ ರಬ್ಬರ್ ಆ ಸ್ಥಿತಿಯನ್ನೇ ತನ್ನ ಸಹಜ ನಿಲುವೆಂದು ಹಿಡಿದು, ಕಾರು ನೆಲಕ್ಕಿಳಿದ ಮೇಲೆ ತಿರುಚಿಕೊಂಡು ಅದನ್ನು ಮೇಲಕ್ಕೆ ತಳ್ಳುತ್ತಿತ್ತು. ಬೋಲ್ಟ್ ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲಿರುವ ಸ್ಥಿತಿಯಲ್ಲಿ ಮತ್ತೆ ಬಿಗಿದಾಗ ವ್ಯತ್ಯಾಸ 3 ಮಿಲಿಮೀಟರಿಗೆ ಇಳಿಯಿತು. ಹಾಗೆಯೇ ಬಿಟ್ಟಿದ್ದರೆ ಬುಷ್ ಹರಿಯುತ್ತಿತ್ತು. ಜೋಡಣೆಗೆ ಕೊಡುವ ಮುನ್ನ ಈ ಒಂದು ವಿಷಯವನ್ನು ಮೆಕ್ಯಾನಿಕ್‌ ಬಳಿ ಬಾಯಿಬಿಟ್ಟು ಕೇಳಿ.

ಟೈರಿನ ಒಳಅಂಚು ಸವೆಯುತ್ತಿದೆ, ಕಾರು ಒಂದು ಕಡೆಗೆ ಎಳೆಯುತ್ತಿದೆ

ಒಳಅಂಚು ನಿಂತು ನೋಡಿದರೆ ಕಾಣುವುದಿಲ್ಲ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಅಂಗೈಯನ್ನು ಟೈರಿನ ಅಡ್ಡಕ್ಕೆ ಎರಡೂ ದಿಕ್ಕಿನಲ್ಲಿ ಸವರಿ ನೋಡಬೇಕು. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದಂತೆ ತಗುಲಿದರೆ ಟೋ (ಮೇಲಿನಿಂದ ನೋಡಿದಾಗ ಕಾಣುವ ಚಕ್ರದ ಓರೆ) ತಪ್ಪಿದೆ. ತಗ್ಗಿಸಿದಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಕಾಣುವ ಚಕ್ರದ ವಾಲು) ಜೊತೆಗೆ ಟೋ ಕೂಡ ಬದಲಾಗುತ್ತದೆ, ಟೈರನ್ನು ಹೆಚ್ಚು ತಿನ್ನುವುದು ಟೋ. 225/45 ಆರ್17 ಟೈರು ಬರೇ 2 ಮಿಲಿಮೀಟರ್ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 3 ಮೀಟರ್ ಅಡ್ಡಕ್ಕೆ ಉಜ್ಜಲ್ಪಡುತ್ತದೆ.

ಎತ್ತರ ಬದಲಿಸಿದ ಪ್ರತಿ ಸಲವೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ನಾಲ್ಕೂ ಚಕ್ರಗಳದ್ದು. ಹೊಸ ಸ್ಪ್ರಿಂಗ್‌ಗಳು ಕೂರಲು ಕೆಲವು ನೂರು ಕಿಲೋಮೀಟರ್ ಬಿಟ್ಟು ಎತ್ತರವನ್ನು ಮತ್ತೆ ಅಳೆದು, ಇಳಿದಿದ್ದರೆ ಇನ್ನೊಮ್ಮೆ ಮಾಡಿಸಬೇಕು. ಮುದ್ರಿತ ಅಂಕಿಗಳ ಹಾಳೆ ಕೊಡದ ಅಂಗಡಿಗೆ ಹೋಗಬೇಡಿ. ಅದೇ ದಿನ ಹೆಡ್‌ಲೈಟಿನ ಕೋನವನ್ನೂ ಸರಿಪಡಿಸಿಕೊಳ್ಳಿ. ಅಲೈನ್‌ಮೆಂಟ್ ಸರಿಯಿದ್ದೂ ಕಾರು ಎಳೆದರೆ ಮುಂದಿನ ಟೈರುಗಳನ್ನು ಎಡಬಲ ಬದಲಿಸಿ ನೋಡಿ. ದಿಕ್ಕಿನ ಬಾಣದ ಗುರುತಿರುವ ಟೈರುಗಳಾದರೆ ಹೀಗೆ ಮಾಡಬಾರದು. ಎಳೆತದ ದಿಕ್ಕೂ ಬದಲಾದರೆ ತಪ್ಪು ಟೈರಿನದು.

ಡ್ಯಾಂಪರಿನ ಮೇಲೆ ಎಣ್ಣೆ, ಕಾಲರಿನ ಮೇಲೆ ತುಕ್ಕು

ಕುತ್ತಿಗೆಯ ಸುತ್ತ ತೆಳುವಾದ ಎಣ್ಣೆಯ ಪೊರೆಗೆ ಧೂಳು ಅಂಟಿರುವುದು ಸಹಜ. ಒರೆಸಿ, ಒಂದು ವಾರದ ನಂತರ ನೋಡಿ. ಎಣ್ಣೆ ಮತ್ತೆ ಇಳಿದು ಕೊಳವೆಯ ಅರ್ಧವನ್ನು ತೋಯಿಸಿದ್ದರೆ ಸೀಲ್ ಹೋಗಿದೆ. ಒಂದೇ ಕೊಳವೆಯ ಮಾನೋಟ್ಯೂಬ್ ಡ್ಯಾಂಪರಿನ ಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದಿದ್ದರೆ ಒಳಗಿನ ಪಿಸ್ಟನ್ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು, ಅದಕ್ಕೆ ಬದಲಾವಣೆಯೇ ದಾರಿ.

ಕರಾವಳಿಯಲ್ಲಿ ಓಡುವ ಕಾರುಗಳಲ್ಲಿ ಉಪ್ಪುಗಾಳಿ ಮತ್ತು ಮಳೆಗಾಲದ ಕೆಸರು ಸೇರಿ ಕಾಲರನ್ನು ಥ್ರೆಡ್ಡಿಗೇ ಬೆಸೆದುಬಿಡುತ್ತವೆ. ಸುತ್ತಿಗೆಯಿಂದ ಬಡಿಯಬೇಡಿ. ಬ್ರಷ್‌ನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಗ್ರೀಸ್ ಹಚ್ಚಿದರೆ ಮರಳು ಹಿಡಿಯುತ್ತದೆ. ಒಣಗುವ ಸಿಲಿಕೋನ್ ಸ್ಪ್ರೇ ಒಳ್ಳೆಯದು. ಮಂಗಳೂರು, ಉಡುಪಿ ಕಡೆಯವರು ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯ ಕಿಟ್‌ಗೆ ಹೆಚ್ಚು ಹಣ ಕೊಟ್ಟರೆ ಅದು ವ್ಯರ್ಥವಲ್ಲ.

ಕಿಟ್ ಬದಲಿಸಲೇಬೇಕೆಂದಾದಾಗ

ಸೀಲ್ ಹೋಗಿದ್ದು ಬಿಡಿಭಾಗ ಸಿಗದಿದ್ದರೆ, ಅಥವಾ ಸರಿಯಾದ ಎತ್ತರದಲ್ಲೂ ಜಿಪ್ ಟೈ ಬಂಪ್ ಸ್ಟಾಪ್‌ನೊಳಗೇ ನಿಲ್ಲುತ್ತಿದ್ದರೆ ಮಾತ್ರ ಹೊಸದರ ಮಾತು. ಮೊದಲು ಸ್ಟ್ರಟ್‌ನ ಬುಡದ ವ್ಯಾಸ ಅಳೆಯಿರಿ: ಎಂಕ್ಯೂಬಿ ತಳಹದಿಯ (ಆಕ್ಟೇವಿಯಾ ಸೇರಿದಂತೆ ಫೋಕ್ಸ್‌ವ್ಯಾಗನ್ ಸಮೂಹದ ಹಲವು ಕಾರುಗಳು ಹಂಚಿಕೊಂಡ ವಿನ್ಯಾಸ) ಕಾರುಗಳಲ್ಲಿ 50 ಮತ್ತು 55 ಮಿಲಿಮೀಟರ್ ಎಂಬ ಎರಡು ಗಾತ್ರಗಳಿದ್ದು, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹಿಂದಿನ ಆಕ್ಸಲ್ ಮಲ್ಟಿಲಿಂಕೋ ಟಾರ್ಷನ್ ಬೀಮೋ (ಎರಡೂ ಚಕ್ರಗಳನ್ನು ಸೇರಿಸುವ ಒಂದೇ ತೊಲೆ) ಎಂಬುದನ್ನೂ ಬರೆದುಕೊಡಿ. ತಿರುಪುಗಳ ಸಂಖ್ಯೆಗೆ ಮರುಳಾಗಬೇಡಿ. ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯೂ ವೇರಿಯಂಟ್ 1 ಕಿಟ್‌ಗಳಲ್ಲಿ ಡ್ಯಾಂಪರಿನ ಹದ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಬದಲಿಸಲು ಬರುವುದಿಲ್ಲ. ಬಿಸಿ ರೇಸಿಂಗ್‌ನ ಬಿಆರ್ ಸರಣಿಯಲ್ಲಿ 30 ಕ್ಲಿಕ್‌ಗಳಿವೆ, ಆದರೆ ಒಂದೇ ತಿರುಪು ಒತ್ತುವ ಮತ್ತು ಹಿಗ್ಗುವ ಎರಡೂ ಚಲನೆಗಳನ್ನು ಒಟ್ಟಿಗೆ ಬದಲಿಸುತ್ತದೆ. ಕೆಡಬ್ಲ್ಯೂ ವೇರಿಯಂಟ್ 3ರಲ್ಲಿ ಎರಡಕ್ಕೂ ಬೇರೆ ಬೇರೆ ತಿರುಪಿದೆ. ವರ್ಷಕ್ಕೊಮ್ಮೆಯೂ ಹದ ಬದಲಿಸದವರಿಗೆ ನಿಗದಿತ ಹದದ ಒಳ್ಳೆಯ ಡ್ಯಾಂಪರೇ ಉತ್ತಮ. ಯುರೋಪಿನ ಪಟ್ಟಿಯಲ್ಲಿರುವ ತಗ್ಗಿಸುವ ಅಂಕಿಗಳನ್ನು ಅಲ್ಲಿನ ಮಾದರಿಯ ಎತ್ತರದಿಂದ ಲೆಕ್ಕ ಹಾಕಿರುತ್ತಾರೆ ಎಂಬುದೂ ನೆನಪಿರಲಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದವುಗಳಿಂದ ಬೇರೆಯಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ. ಕೊಳ್ಳುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸಿ ಉತ್ತರ ಪಡೆಯಿರಿ. ಕಾರಿನಿಂದ ಬಿಚ್ಚಿದ ಮೂಲ ಸ್ಟ್ರಟ್, ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕದೆ, ಒರೆಸಿ, ಎಡಬಲ ಗುರುತು ಬರೆದು, ನೇರವಾಗಿ ನಿಲ್ಲಿಸಿ ಇಟ್ಟುಕೊಳ್ಳಿ; ಯಾವ ಪರೀಕ್ಷೆಗೂ ಸಿಗದ ಸದ್ದೊಂದು ಉಳಿದಾಗ ಅವುಗಳನ್ನು ಮತ್ತೆ ಹಾಕಿಸಿ ಒಂದು ವಾರ ಓಡಿಸಿದರೆ, ದೋಷ ಕಾಯಿಲೋವರಿನದೋ ಕಾರಿನದೋ ಎಂಬುದು ಅಲ್ಲಿಗೆ ತಿಳಿಯುತ್ತದೆ.